ಲ್ಯಾಬ್ರಡಾರ್ ನಾಯಿಮರಿಗಳನ್ನು ಎಂಟು ವಾರ ಮನೆಯಲ್ಲೇ ಇಟ್ಟುಕೊಂಡೆ

ಮರಿಗೆ 35 ದಿನ ತುಂಬಿತೋ, ಕೊಟ್ಟುಬಿಡು. ನಾನು ಲ್ಯಾಬ್ ಸಾಕಲು ಶುರು ಮಾಡಿದಾಗಿನಿಂದ ಕೇಳಿದ ಮಾತು ಇದು. ಆಮೇಲೆ ತಿನ್ನುವುದು ಜಾಸ್ತಿ, ಮುದ್ದು ಕಮ್ಮಿ, ರೇಟು ಬೀಳುತ್ತದೆ ಅಂತ. ಎಂಟು ವಾರಕ್ಕೆ ಮುಂಚೆ ಮಾರುವಂತಿಲ್ಲ ಎಂದು 2017ರ ನಿಯಮವೇ ಇದೆ, ನಾನು ಹಾಗೇ ಮಾಡುತ್ತೇನೆ ಅಂದಾಗ ತುಮಕೂರಿನ ಗೆಳೆಯರು ಬೇಡ ಅಂದರು. ಮೂರ್ನಾಲ್ಕು ಸೂಲು ಆದ ಮೇಲೆ ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ದುಡ್ಡಿನ ವಿಷಯ ಮೊದಲು. ಐದನೇ ವಾರದಿಂದ ಎಂಟರವರೆಗೆ ಊಟ, ಜಂತಿನ ಔಷಧಿ, ಲಸಿಕೆ ಎಲ್ಲ ಸೇರಿ ಮರಿಗೆ ಎರಡೂವರೆ, ಮೂರು ಸಾವಿರ ಬೀಳುತ್ತದೆ. ಎಂಟು ಮರಿ ಇದ್ದರೆ 20 ಸಾವಿರದ ಮೇಲೆ. ಗೆಳೆಯರು ಹೆದರಿದ್ದು ಸುಮ್ನೆ ಅಲ್ಲ.

ಎರಡನೇ ಸೂಲಿನಲ್ಲಿ ಪಾರ್ವೊ ಬಂತು, ಮರಿಗಳನ್ನು ಕೊಲ್ಲುವ ವೈರಸ್ ರೋಗ. ಆರನೇ ವಾರದಲ್ಲಿ. ಬೆಳಿಗ್ಗೆ ಒಂದು ಮರಿ ಊಟಕ್ಕೆ ಏಳಲಿಲ್ಲ, ಸಂಜೆಗೆ ರಕ್ತ ಭೇದಿ. ಡ್ರಿಪ್ಪು, ಇಂಜೆಕ್ಷನ್ನು ಅಂತ 30 ಸಾವಿರ ಹೋಯಿತು, ಅರ್ಧ ಮರಿಗಳೂ ಹೋದವು. 'ಇನ್ನೂ ಇಟ್ಟುಕೋ' ಅಂತ ಹಂಗಿಸಿದವರಿದ್ದಾರೆ. ತಾಯಿಯಿಂದ ಬಂದ ರಕ್ಷಣೆ ಇಳಿಯುತ್ತಿರುತ್ತದೆ, ಲಸಿಕೆ ಇನ್ನೂ ಹಿಡಿದಿರುವುದಿಲ್ಲ, ಆ ವಾರಗಳೇ ಗಂಡಾಂತರ. ಹಾಗಂತ ಆಗಲೇ ಮರಿಯನ್ನು ಬೇರೆ ಊರಿಗೆ ಬಸ್ಸಿನಲ್ಲಿ ಕಳಿಸಿದರೆ ರೋಗ ತಪ್ಪುತ್ತದಾ? ನನ್ನ ಮನೆಯಲ್ಲಾದರೆ ಬಾಗಿಲು ನನ್ನ ಕೈಯಲ್ಲಿರುತ್ತದೆ. ಮೊದಲ ಲಸಿಕೆ ಹಾಕಿ ವಾರ ಕಳೆಯುವವರೆಗೆ ಗಿರಾಕಿಗಳಿಗೆ ವಿಡಿಯೊ ಕಾಲ್ ಮಾತ್ರ. ಗೇಟಿನಲ್ಲಿ ಬ್ಲೀಚ್ ನೀರು, ಒಂದು ಪಾಲು ಬ್ಲೀಚಿಗೆ 30 ಪಾಲು ನೀರು. ಹೊರಗಿನ ಚಪ್ಪಲಿ ಹೊರಗೇ. ಅಲ್ಲಿಂದೀಚೆಗೆ ಪಾರ್ವೊ ಹೊಸ್ತಿಲು ದಾಟಿಲ್ಲ.

ಮೂರನೇ ವಾರದಲ್ಲಿ ಮರಿಗಳ ಪೆಟ್ಟಿಗೆಯನ್ನು ಹಿಂದಿನ ರೂಮಿನಿಂದ ಅಡುಗೆಮನೆ ಪಕ್ಕಕ್ಕೆ ತರುತ್ತೇನೆ. ಕುಕ್ಕರ್ ಸೀಟಿ, ಮಿಕ್ಸಿ, ಮಕ್ಕಳ ಗಲಾಟೆ ಎಲ್ಲ ಅಲ್ಲೇ. ನಾಲ್ಕನೇ ವಾರದಿಂದ ನಾನು ನೋಡುವುದು ಒಂದೇ. ಮರಿಗಳಿಂದ ಐದಾರು ಅಡಿ ದೂರದಲ್ಲಿ ಸ್ಟೀಲ್ ತಟ್ಟೆ ಬೀಳಿಸುತ್ತೇನೆ. ಎಲ್ಲವೂ ಬೆಚ್ಚುತ್ತವೆ, ಅದು ಲೆಕ್ಕಕ್ಕಿಲ್ಲ. ಆಮೇಲೆ ಎಷ್ಟು ಹೊತ್ತಿಗೆ ತಟ್ಟೆ ಮೂಸಲು ಬರುತ್ತವೆ ಅನ್ನುವುದೇ ಮುಖ್ಯ. ಒಂದು ಮರಿ ತಟ್ಟೆ ಇನ್ನೂ ಗಿರಗಿರ ತಿರುಗುತ್ತಿರುವಾಗಲೇ ಮೂತಿ ಚಾಚುತ್ತದೆ. ಇನ್ನೊಂದು ಅಮ್ಮನ ಹೊಟ್ಟೆಯಡಿ ಸೇರಿ, ಕಿವಿ ಹಿಂದಕ್ಕೆ ಮಾಡಿ, ಅಲ್ಲಿಂದಲೇ ನೋಡುತ್ತದೆ. ಮೊದಲನೆಯದು ಮಕ್ಕಳಿರುವ ಮನೆಗೆ, ಎರಡನೆಯದು ರಿಟೈರ್ ಆದ ದಂಪತಿಗೆ. ಗಿರಾಕಿ ಬಣ್ಣ ಹೇಳಬಹುದು, ಮರಿ ಆರಿಸುವುದು ನಾನು.

ಒಡಹುಟ್ಟಿದವುಗಳ ಜೊತೆ ಎಂಟು ವಾರ ಕಚ್ಚಾಡಿದ ಮರಿಗೆ ಎಷ್ಟು ಗಟ್ಟಿಯಾಗಿ ಕಚ್ಚಬಾರದು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಜೋರಾಗಿ ಕಚ್ಚಿದರೆ ಎದುರಿನದು ಕುಂಯ್ ಅಂದು ಆಟ ಬಿಟ್ಟು ಹೋಗುತ್ತದೆ, ಅಷ್ಟೇ ಪಾಠ. ಇದನ್ನು 35 ದಿನಕ್ಕೆ ಹೋದ ಮರಿಗೆ ನಾವು ಕಲಿಸಬೇಕಾಗುತ್ತದೆ, ಕೈ ತುಂಬ ಗೀರು ಮಾಡಿಸಿಕೊಂಡು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಒಂದೇ ಸೂಲಿನ ಅರ್ಧ ಮರಿಗಳಿಗೆ ಸ್ಟಾರ್ಟರ್ ಅನ್ನುವ ಮರಿಗಳ ಪ್ಯಾಕೆಟ್ ಆಹಾರ, ಉಳಿದವಕ್ಕೆ ರಾಗಿ ಗಂಜಿ ಜೊತೆ ಬೇಯಿಸಿದ ಕೋಳಿ, ಮೊಸರು. ಸ್ಟಾರ್ಟರ್ ತಿಂದವು ಅರ್ಧ ಕಿಲೋ ಹತ್ತಿರ ಜಾಸ್ತಿ ತೂಗಿದವು, ಚುರುಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಈಗ ಸ್ಟಾರ್ಟರೇ ಮುಖ್ಯ, ರಾಗಿ ದಿನಕ್ಕೆ ಒಂದು ಹೊತ್ತು, ಸ್ವಲ್ಪ. ಕ್ಯಾಲ್ಸಿಯಂ ಸಿರಪ್ ಮಾತ್ರ ಹಾಕುವುದೇ ಇಲ್ಲ. ಒಳ್ಳೆ ಫೀಡ್ ತಿನ್ನುವ ದೊಡ್ಡ ತಳಿಯ ಮರಿಗೆ ಅದು ಮೂಳೆಗೇ ಕೇಡು. ಟೈಲ್ಸ್ ಮೇಲೆ ಗೋಣಿಚೀಲ ಹಾಸುತ್ತೇನೆ, ಹಿಂಗಾಲು ಜಾರಬಾರದು. ಲ್ಯಾಬ್‌ಗೆ ಸೊಂಟದ ಕೀಲೇ ವೀಕ್ ಅಲ್ವಾ.

ಸುತ್ತಮುತ್ತ 8-10 ಸಾವಿರಕ್ಕೆ ಮರಿ ಸಿಗುವಾಗ ನನ್ನವು 18ಕ್ಕೆ ಹೋಗುತ್ತಿವೆ, ಅರ್ಧ ಮೊದಲೇ ಬುಕ್. ಹಾಸನದ ಕಡೆ ಹೋದ ಗಂಡು ಮರಿ ದೀಪಾವಳಿ ಪಟಾಕಿಗೆ ಮಂಚದಡಿ ಸೇರಲಿಲ್ಲವಂತೆ, ಆ ಮನೆಯವರೇ ಇನ್ನಿಬ್ಬರು ಗಿರಾಕಿಗಳನ್ನು ಕಳಿಸಿದ್ದಾರೆ. ಆದರೆ ನನ್ನ ಹೆಣ್ಣು ಹೋದ ಸಲವಷ್ಟೇ ಒಂಬತ್ತು ಹಾಕಿದೆ. ಈ ಸಲ ಬೆದೆಗೆ ಬಂದಾಗ ಗಂಡಿನ ಜೊತೆ ಬಿಡುವುದಿಲ್ಲ. ಕೇಳಿದವರಿಗೆ ಮುಂದಿನ ವರ್ಷ ಬನ್ನಿ ಅಂದಿದ್ದೇನೆ.