ಒಂದು ಗುರಿಗೆ ಒಂದು ಚೀಲ

ನಾನು ದಾವಣಗೆರೆ ತಾಲ್ಲೂಕಿನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವ ಸಂಪನ್ಮೂಲ ಶಿಕ್ಷಕಿ. ನನಗೆ ಅಂತ ಒಂದು ಕೋಣೆಯಾಗಲಿ, ಬೀರುವಾಗಲಿ ಇಲ್ಲ. ಇವತ್ತು ಆನಗೋಡು ಕಡೆ ಒಂದು ಶಾಲೆ, ನಾಳೆ ಮಾಯಕೊಂಡದ ಕಡೆ ಇನ್ನೊಂದು. ನಡುವೆ ಶಾಲೆಗೆ ಬರಲಾಗದ ಮಕ್ಕಳ ಮನೆ. ಪಾಠದ ಸಾಮಾನೆಲ್ಲ ನನ್ನ ಜೊತೆ ಬಸ್ಸಿನಲ್ಲೇ ಬರಬೇಕು. ಹಾಗಾಗಿ ಯಾವ ಆಟ ಆಡಿಸಬೇಕು ಅನ್ನುವುದರಷ್ಟೇ, ಅದನ್ನು ಹೇಗೆ ಜೋಡಿಸಿಡಬೇಕು ಅನ್ನುವುದೂ ನನಗೆ ಮುಖ್ಯ. ನೀವೂ ಇದೇ ಕೆಲಸದಲ್ಲಿದ್ದರೆ ಗೊತ್ತಿರುತ್ತದೆ ಅಲ್ವಾ? ಬೇಕಾದ ಕಾರ್ಡು ಹುಡುಕುವಷ್ಟರಲ್ಲಿ ಮಗುವಿನ ಗಮನ ಕಿಟಕಿ ಆಚೆ ಹೋಗಿರುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಒಂದೇ ಶಾಲೆಯಲ್ಲಿ ಮಂದದೃಷ್ಟಿಯ ಮಗು, ಸೆರೆಬ್ರಲ್ ಪಾಲ್ಸಿ ಇರುವ ಮಗು, ಆಟಿಸಂ ಇರುವ ಮಗು ಮೂವರೂ ಸಿಗಬಹುದು. ಮೂವರಿಗೂ ಒಂದೇ ಡಬ್ಬಿ ತೆಗೆದು ಕೂತರೆ ಯಾರಿಗೂ ಪೂರ್ತಿ ಒಪ್ಪುವುದಿಲ್ಲ. ಅದಕ್ಕೇ ನಾನು ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳಿಗೆ ಬಂದೆ. ಒಂದು ಮಗುವಿನ ಒಂದು ಗುರಿಗೆ ಒಂದು ಚೀಲ. ಗುರಿ ಬರುವುದು ಆ ಮಗುವಿನ ಐಇಪಿಯಿಂದ, ಅಂದರೆ ಆ ಮಗುವಿಗೆಂದೇ ಬರೆದ ಕಲಿಕಾ ಯೋಜನೆಯಿಂದ. ಬೌದ್ಧಿಕ ವೈಕಲ್ಯದ ಮಕ್ಕಳಿಗೆ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಮಾಡಿರುವ, ದಿನನಿತ್ಯದ ಕೌಶಲಗಳನ್ನು ಅಳೆಯುವ ಎಫ್‌ಎಸಿಪಿ ಪಟ್ಟಿ ಹಿಡಿದು, ಮಗುವಿಗೆ ಈಗ ಏನು ಬರುತ್ತದೆ ಅಂತ ಮೊದಲು ನೋಡುತ್ತೇನೆ. ಅದರ ಮುಂದಿನ ಮೆಟ್ಟಿಲೇ ಗುರಿ.

ಚೀಲದ ಮೇಲೆ ಒಂದು ಚೀಟಿ ಅಂಟಿಸಿರುತ್ತೇನೆ. "ಕೇಳಿದಷ್ಟು ಎಣಿಸಿ ಕೊಡುವುದು, ಐದರವರೆಗೆ. ಮುಚ್ಚಳ 5, ಬಟ್ಟಲು 1, ಚುಕ್ಕಿ ಕಾರ್ಡು 5." ಒಳಗಿರುವ ಸಾಮಾನಿನ ಎಣಿಕೆ ಹೊರಗೇ ಇರುವುದರಿಂದ, ಎದ್ದು ಹೊರಡುವಾಗ ಏನು ಉಳಿದಿದೆ ಅಂತ ತಕ್ಷಣ ಗೊತ್ತಾಗುತ್ತದೆ. ತೆಗೆದಿಡುವ ಕೆಲಸವನ್ನೂ ಮಗುವೇ ಮಾಡಬೇಕು. ಎಣಿಸಿ ಒಳಗೆ ಹಾಕುವುದೂ ಅದೇ ಪಾಠ ತಾನೆ.

ಆಟಗಳಲ್ಲಿ ನನಗೆ ತುಂಬಾ ಕೆಲಸಕ್ಕೆ ಬಂದದ್ದು ಚೌಕಾಬಾರ. ನಮ್ಮ ಕಡೆ ಅಜ್ಜಿಯರಿರುವ ಮನೆಯಲ್ಲೆಲ್ಲ ಇದು ಗೊತ್ತು. ಐದು ಸಾಲು, ಐದು ಕಂಬ, ಒಟ್ಟು 25 ಮನೆ, ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಮೇಲಾದರೆ ಚೌಕಾ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಎಣಿಕೆ ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಈ ಕೊನೆಯ ನಿಯಮ ಗೊಂದಲ. ಕಣ್ಣಿಗೆ ಒಂದೂ ಕಾಣುತ್ತಿಲ್ಲ, ಆದರೂ ಎಂಟು ಅನ್ನಬೇಕು! ಹಾಗಾಗಿ ಬಾರವನ್ನು ತೆಗೆದುಬಿಟ್ಟೆ. ಎಲ್ಲ ಕವುಚಿ ಬಿದ್ದರೆ ಸೊನ್ನೆ, ಕಾಯಿ ಕೂತಲ್ಲೇ ಕೂರಬೇಕು. ಸೊನ್ನೆಯನ್ನು ಇಷ್ಟು ಚೆನ್ನಾಗಿ ಕಲಿಸುವ ಬೇರೆ ಸಾಧನ ನನಗೆ ಸಿಕ್ಕಿಲ್ಲ. ಏನೂ ಇಲ್ಲದಿರುವುದು ಅಂದರೆ ಏನು ಅಂತ ಮಗುವಿಗೆ ತನ್ನ ಸರದಿಯಲ್ಲೇ ಗೊತ್ತಾಗುತ್ತದೆ.

ಶುರುವಿಗೆ ಪೂರ್ತಿ ಮಣೆಯೂ ಬೇಡ. ಹತ್ತು ಮನೆಯ ಒಂದೇ ನೇರ ಸಾಲು ಸಾಕು. ಅದು ಬಂದ ಮೇಲೆ ಸುತ್ತು, ಆಮೇಲೆ ಒಳಸುತ್ತು. ಕಾಯಿ ಕಡಿಯುವ ನಿಯಮ ಎಲ್ಲಕ್ಕಿಂತ ಕೊನೆಗೆ. ಕೆಲವು ಮಕ್ಕಳಿಗೆ ಕಾಯಿ ವಾಪಸ್ ಹೋಗುವುದನ್ನು ತಡೆದುಕೊಳ್ಳಲು ಆಗುವುದಿಲ್ಲ. ಅವರಿಗೆ ಅದನ್ನು ಬೇರೆಯೇ ಗುರಿಯಾಗಿ ಬರೆದುಕೊಂಡು ನಿಧಾನಕ್ಕೆ ತರುತ್ತೇನೆ. ಮಂದದೃಷ್ಟಿ ಇರುವವರಿಗೆ ಕಪ್ಪು ರಟ್ಟಿನ ಮೇಲೆ ದಪ್ಪ ಹಳದಿ ಗೆರೆ ಎಳೆದು, ಗೆರೆಯ ಮೇಲೆ ದಾರ ಅಂಟಿಸಿದರೆ ಬೆರಳಿಗೂ ಸಿಗುತ್ತದೆ.

ಅಳಗುಳಿ ಮಣೆಯೂ ಒಳ್ಳೆಯದೇ. ಆದರೆ 14 ಗುಳಿಯ ಮರದ ಮಣೆ ಭಾರ, ಗುಳಿಯೂ ಕಿರಿದು. ಕೈ ಬಿಗಿಯಿರುವ ಮಕ್ಕಳಿಗೆ ನಾನು ಮೊಟ್ಟೆಯ ಟ್ರೇ ಕತ್ತರಿಸಿ ಕೊಡುತ್ತೇನೆ. ಒಂದೊಂದು ಗುಳಿಗೆ ಒಂದೊಂದು ಹಾಕುತ್ತಾ ಹೋದರೆ ಬೆರಳಿಗೂ ಕೆಲಸ, ಎಣಿಕೆಗೂ ಕೆಲಸ. ಒಂದು ಮಾತು ಮಾತ್ರ ಮರೆಯಬೇಡಿ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಿಗೆ ಹುಣಸೆ ಬೀಜ, ಗೋಲಿ, ಕವಡೆ ಯಾವುದೂ ಬೇಡ. ಬಾಯಿಯೊಳಗೆ ಹೋಗದಷ್ಟು ದೊಡ್ಡ ಮರದ ತುಂಡೋ ಬಟ್ಟೆ ಚೆಂಡೋ ಇರಲಿ. ಕೈಯನ್ನು ಯಾವ ಭಂಗಿಯಲ್ಲಿ ಇಟ್ಟುಕೊಂಡರೆ ಸುಲಭ ಅನ್ನುವುದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿಯೇ ಮಾಡುತ್ತೇನೆ.

ದೊಡ್ಡ ಮಕ್ಕಳಿಗೆ ಅಂಗಡಿ ಆಟ. ಹದಿನಾಲ್ಕು, ಹದಿನೈದು ವಯಸ್ಸಿನವರಿಗೆ ಬಣ್ಣದ ಮಣಿ ಪೋಣಿಸಲು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಅವರ ವಯಸ್ಸಿಗೂ ಗೌರವ ಬೇಕು. ದಾವಣಗೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ, ಚಹಾ ಗೊತ್ತಿಲ್ಲದ ಮಗುವಿಲ್ಲ. ನಮ್ಮ ಬೀದಿಯ ಅಂಗಡಿಯಲ್ಲೇ ಫೋಟೋ ತೆಗೆದು, ಕೆಳಗೆ ಆ ಬೆಲೆಯ ನಾಣ್ಯದ ಚಿತ್ರ ಅಂಟಿಸಿ ಕಾರ್ಡು ಮಾಡಿದ್ದೇನೆ. ಚಿತ್ರದ ಮೇಲೆ ನಿಜವಾದ ನಾಣ್ಯ ಇಟ್ಟು ಹೊಂದಿಸುವುದು ಮೊದಲ ಹಂತ. ಆಮೇಲೆ ಚಿತ್ರ ತೆಗೆದು ಬರೀ ಅಂಕಿ. ಅದಾದ ಮೇಲೆ ನಿಜವಾದ ಅಂಗಡಿಗೇ ಕರೆದುಕೊಂಡು ಹೋಗಬೇಕು. ಕೋಣೆಯಲ್ಲಿ ಬಂದದ್ದು ಅಂಗಡಿಯಲ್ಲಿ ತಾನಾಗಿಯೇ ಬರುವುದಿಲ್ಲ, ಅಲ್ಲೂ ಕಲಿಸಬೇಕು. ಆಟಿಕೆ ನೋಟು ನಾನು ಬಳಸುವುದಿಲ್ಲ.

ಅಕ್ಷರದ ವಿಷಯದಲ್ಲಿ ಶಾಲೆಯ ಕ್ರಮವನ್ನೇ ಹಿಡಿಯುತ್ತೇನೆ: ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಜೋಡಿ ಹುಡುಕುವ ಆಟದಲ್ಲಿ ಮಾತ್ರ ವ ಮತ್ತು ಮ ಎರಡನ್ನೂ ಒಟ್ಟಿಗೆ ಇಡುವುದಿಲ್ಲ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಉಜ್ಜುಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳಾಡಿಸಿದರೆ ಎರಡರ ನಡುವಿನ ವ್ಯತ್ಯಾಸ ಬೇಗ ತಿಳಿಯುತ್ತದೆ.

ಆಟಿಸಂ ಇರುವ ಮಕ್ಕಳಿಗೆ ಆಟಕ್ಕಿಂತ ಮೊದಲು ಬೇಕಾದದ್ದು "ಈಗ ಏನು, ಆಮೇಲೆ ಏನು, ಎಲ್ಲಿಗೆ ಮುಗಿಯುತ್ತದೆ" ಅನ್ನುವ ಉತ್ತರ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎರಿಕ್ ಶೋಪ್ಲರ್ ಕಟ್ಟಿದ ಟೀಚ್ ಪದ್ಧತಿ ಇದನ್ನೇ ಹೇಳುತ್ತದೆ. 1972ರಿಂದ ಅಲ್ಲಿ ಅದು ರಾಜ್ಯ ಮಟ್ಟದ ಕಾರ್ಯಕ್ರಮ. ಅದಕ್ಕೆ ದುಬಾರಿ ಸಾಮಾನೇನೂ ಬೇಡ. ಎಡಗಡೆ ಮಾಡಬೇಕಾದ ಚೀಲಗಳು, ಬಲಗಡೆ "ಮುಗಿಯಿತು" ಬುಟ್ಟಿ. ಒಂದೊಂದೇ ಎಡದಿಂದ ಬಲಕ್ಕೆ ಹೋಗುತ್ತದೆ. ಎಡಗಡೆ ಖಾಲಿಯಾದರೆ ಕೆಲಸ ಮುಗಿಯಿತು ಅಂತ ಯಾರೂ ಹೇಳಬೇಕಾಗಿಲ್ಲ. ದಿನದ ಚಿತ್ರಪಟ್ಟಿಯನ್ನು ರಟ್ಟು ಮತ್ತು ವೆಲ್ಕ್ರೋ ಹಾಕಿ ಮಾಡುತ್ತೇನೆ. ಚಿತ್ರಗಳು ನೆಟ್ಟಿನಿಂದ ಇಳಿಸಿದವಲ್ಲ. ಆ ಶಾಲೆಯದೇ ನಲ್ಲಿ, ಆ ಶಾಲೆಯದೇ ಊಟದ ತಟ್ಟೆ, ಆ ಮಗು ಕೂರುವ ಚಾಪೆ. ಅದನ್ನು ಓದಲು ಬಾರದ ಹಂತದಲ್ಲಿರುವ ಮಗುವಿಗೆ ಚಿತ್ರದ ಬದಲು ವಸ್ತುವನ್ನೇ ಕೊಡಬೇಕು. ಊಟಕ್ಕೆ ಒಂದು ಚಮಚ, ಆಟಕ್ಕೆ ಒಂದು ಚೆಂಡು.

ಇನ್ನು ದಾಖಲೆ. ಸಂಜೆ ಕೂತು ನೆನಪಿನಿಂದ ಬರೆಯುವುದರ ಮೇಲೆ ನನಗೆ ನಂಬಿಕೆಯಿಲ್ಲ. ಚೀಲದೊಳಗೇ ಒಂದು ಉದ್ದ ಚೀಟಿ ಇರುತ್ತದೆ. ಆಟದ ನಡುವೆಯೇ ಒಂದೊಂದು ಗುರುತು. ತಾನೇ ಮಾಡಿದರೆ "ತಾ", ಮಾತಲ್ಲಿ ಹೇಳಿದ ಮೇಲೆ ಮಾಡಿದರೆ "ಮಾ", ತೋರಿಸಿದ ಮೇಲೆ ಆದರೆ "ತೋ", ಕೈ ಹಿಡಿದು ಮಾಡಿಸಿದರೆ "ಕೈ". ಕೆಲವು ವಾರ ಕಳೆದು ಚೀಟಿ ನೋಡಿದರೆ "ಕೈ" ಕಡಿಮೆಯಾಗಿ "ತೋ" ಜಾಸ್ತಿಯಾಗಿರುವುದು ಕಾಣುತ್ತದೆ. ಸರಿ, ತಪ್ಪು ಅಂತ ಮಾತ್ರ ಗುರುತು ಹಾಕಿದ್ದರೆ ಈ ಪ್ರಗತಿ ಕಾಣುತ್ತಲೇ ಇರಲಿಲ್ಲ. "ಏನೂ ಕಲಿತಿಲ್ಲ ಮೇಡಂ" ಅನ್ನುವ ತಾಯಿಗೆ ತೋರಿಸಲು ನನ್ನ ಹತ್ತಿರ ಇರುವ ಅತಿ ದೊಡ್ಡ ಆಸ್ತಿ ಈ ಚೀಟಿ. ಗುರುತು ಅಲುಗಾಡದೆ ಹಾಗೇ ನಿಂತಿದ್ದರೆ ಗುರಿಯನ್ನೇ ಇನ್ನೂ ಚಿಕ್ಕದಾಗಿ ಒಡೆಯುತ್ತೇನೆ.

ಮನೆಯಲ್ಲೇ ಕಲಿಯುವ ಮಕ್ಕಳ ಚೀಲ ಮನೆಯಲ್ಲೇ ಇರುತ್ತದೆ. ನಾನು ಮುಂದಿನ ಸಲ ಬರುವವರೆಗೆ ಗುರುತು ಹಾಕುವುದು ಅಮ್ಮನೋ ಅಕ್ಕನೋ. ಓದು ಬಾರದ ಮನೆಗೆ ಅಕ್ಷರದ ಬದಲು ಕೈ, ಬಾಯಿ, ಬೆರಳಿನ ಚಿತ್ರ. ಶಾಲೆಯ ಮಕ್ಕಳದ್ದು ಆಯಾ ತರಗತಿಯ ಶಿಕ್ಷಕರ ಹತ್ತಿರ. ಚಿಕ್ಕ ತರಗತಿಯವರು ಚಟುವಟಿಕೆ ಮಾಡುತ್ತಾ ಕಲಿಯುವ ಕೆಲವು ನಲಿಕಲಿ ಕೋಣೆಗಳಿಗೆ ಹತ್ತು ಮನೆಯ ಚೌಕಾಬಾರದ ಒಂದೊಂದು ಸೆಟ್ ಹೆಚ್ಚಿಗೆ ಮಾಡಿ ಕೊಟ್ಟಿದ್ದೇನೆ. ಅದನ್ನು ಎಲ್ಲ ಮಕ್ಕಳೂ ಆಡುತ್ತಾರೆ. ನಾನು ಕಲಿಸಿದ ಮಗುವಿಗೆ ಅಲ್ಲಿ ನಿಯಮ ಮೊದಲೇ ಗೊತ್ತಿರುವುದರಿಂದ, ಬೇರೆಯವರಿಗೆ ಹೇಳಿಕೊಡುವ ಕೆಲಸ ಅದರದ್ದೇ ಆಗಿರುತ್ತದೆ.