ಬೇಕಾದಷ್ಟು ಇದ್ದಾಗಲೇ ಅಳತೆ ಇರಲಿ

ಟೂತ್‌ಪೇಸ್ಟ್ ಹೊಸದಿದ್ದಾಗ ಬ್ರಷ್ಷಿನ ಉದ್ದಕ್ಕೂ ಹಚ್ಚುತ್ತೇವೆ. ಟ್ಯೂಬ್ ಖಾಲಿಯಾಗುತ್ತಾ ಬಂದಾಗ ಬಟಾಣಿ ಕಾಳಿನಷ್ಟೇ ಸಾಕಾಗುತ್ತದೆ. ಹಲ್ಲೇನೂ ಕೊಳೆಯಾಗಿ ಉಳಿಯುವುದಿಲ್ಲ, ಅಲ್ವಾ? ಕೊರತೆ ಬಂದಾಗ ಉಳಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಕಷ್ಟವಿರುವುದು ಎಲ್ಲವೂ ಧಾರಾಳವಾಗಿರುವಾಗ. ಆಗ ಅಳತೆಯನ್ನು ನಾವೇ ಇಟ್ಟುಕೊಳ್ಳಬೇಕು.

ಪಾತ್ರೆ ತೊಳೆಯುವ ಲಿಕ್ವಿಡ್ಡಿನ ದೊಡ್ಡ ಕ್ಯಾನು ತಂದರೆ ಅದನ್ನು ಬೀರುವಿನಲ್ಲಿಟ್ಟು, ಸಿಂಕಿನ ಹತ್ತಿರ ಸಣ್ಣ ಬಾಟಲಿ ಮಾತ್ರ ಇಡಿ. ಸೋಪು ಜಾಸ್ತಿಯಾದರೆ ನೊರೆ ಹೋಗಲು ನೀರೂ ಜಾಸ್ತಿ ಬೇಕು.

ನೀರಿನ ಲೆಕ್ಕವನ್ನು ಒಮ್ಮೆ ಕಣ್ಣಾರೆ ನೋಡಿ. ನಲ್ಲಿಯ ಕೆಳಗೆ ಒಂದು ಲೀಟರಿನ ಪಾತ್ರೆ ಇಟ್ಟು ಗಡಿಯಾರ ಹಿಡಿಯಿರಿ. 10 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 6 ಲೀಟರ್. ಸೊಪ್ಪು ತೊಳೆಯುತ್ತಾ 5 ನಿಮಿಷ ನಲ್ಲಿ ಬಿಟ್ಟರೆ 30 ಲೀಟರ್ ಹೋಯಿತು! ಅದೇ ಸೊಪ್ಪನ್ನು ಅಗಲವಾದ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಕೈಯಾಡಿಸಿ, ಸ್ವಲ್ಪ ಹೊತ್ತು ಬಿಡಿ. ಮಣ್ಣು ತಳಕ್ಕಿಳಿಯುತ್ತದೆ. ಸೊಪ್ಪನ್ನು ಮೇಲಿನಿಂದ ಎತ್ತಿಕೊಳ್ಳಿ, ನೀರನ್ನು ಗಿಡಕ್ಕೆ ಹಾಕಿ. ಹೀಗೆ ಮೂರು ಸಲ ಮಾಡಿದರೂ 10 ಲೀಟರ್ ಆಗುವುದಿಲ್ಲ.

ಉಳಿತಾಯದ ಸಾಮಾನು ತಂದ ಮಾತ್ರಕ್ಕೆ ಉಳಿತಾಯ ಆಗಿಬಿಡುವುದಿಲ್ಲ. 60 ವ್ಯಾಟಿನ ಹಳೆಯ ಬಲ್ಬು ಕೊಡುತ್ತಿದ್ದ ಬೆಳಕನ್ನು ಈಗ 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಒಳ್ಳೆಯದೇ. ಆದರೆ 'ಕರೆಂಟು ಅಷ್ಟೇನೂ ಎಳೆಯಲ್ಲ' ಎಂದು ದಿನದ 24 ಗಂಟೆಯೂ ಉರಿಸಿದರೆ, ಹಳೆಯ ಬಲ್ಬನ್ನು ಸುಮಾರು ಮೂರೂವರೆ ಗಂಟೆ ಉರಿಸಿದಷ್ಟು ಖರ್ಚು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವನ್ಸ್ ಇಂಥದ್ದನ್ನೇ 1865ರಲ್ಲಿ ಕಲ್ಲಿದ್ದಲಿನ ವಿಷಯದಲ್ಲಿ ಬರೆದಿದ್ದರು. ಕಡಿಮೆ ಕಲ್ಲಿದ್ದಲಿನಲ್ಲಿ ಓಡುವ ಎಂಜಿನ್ ಬಂತು, ಎಂಜಿನ್ನುಗಳೇ ಹೆಚ್ಚಾದವು, ಒಟ್ಟು ಕಲ್ಲಿದ್ದಲು ಇನ್ನೂ ಜಾಸ್ತಿ ಸುಟ್ಟಿತು. ಹಾಗಾಗಿ ಎಲ್‌ಇಡಿ ಹಾಕಿಸಿ, ಸ್ವಿಚ್ ಆರಿಸುವ ಅಭ್ಯಾಸವನ್ನೂ ಉಳಿಸಿಕೊಳ್ಳಿ.

ನನಗೆ ತುಂಬಾ ಸಂಕಟವಾಗುವುದು ಫ್ರಿಡ್ಜ್ ನೋಡಿದಾಗ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನಲ್ಲಿ 100 ಕೋಟಿ ಟನ್ನಿಗೂ ಹೆಚ್ಚು ಆಹಾರ ಕಸಕ್ಕೆ ಹೋಯಿತು. ಅದರಲ್ಲಿ ಶೇ 60ರಷ್ಟು ಹೋಟೆಲು, ಅಂಗಡಿಗಳದ್ದಲ್ಲ, ಮನೆಗಳದ್ದು. ಬೆಳೆಯಲು ಬಳಸಿದ ನೀರು, ಸಾಗಿಸಲು ಸುಟ್ಟ ಎಣ್ಣೆ ಎಲ್ಲವೂ ಅದರ ಜೊತೆಗೇ ವ್ಯರ್ಥ. ತುಂಬಿ ತುಳುಕುವ ಫ್ರಿಡ್ಜಿನಲ್ಲಿ ಹಿಂದಿನ ಡಬ್ಬಿ ಕಾಣುವುದಿಲ್ಲ, ತಂಪು ಗಾಳಿಯೂ ಸರಿಯಾಗಿ ಆಡುವುದಿಲ್ಲ. ಕಣ್ಣಿನ ಮಟ್ಟದಲ್ಲಿ ಒಂದು ತಟ್ಟೆ ಇಟ್ಟು, ಬೇಗ ಮುಗಿಸಬೇಕಾದದ್ದನ್ನೆಲ್ಲ ಅದರಲ್ಲಿಡಿ. ಅದು ಖಾಲಿಯಾಗುವವರೆಗೆ ಹೊಸ ತರಕಾರಿ ತರಬೇಡಿ.