ಜಿಸಿ ಇಲ್ಲದೇ ಟಿಎಚ್‌ಎಂ ಹಿಡಿದಿದ್ದು: ನನ್ನ ಅನುಭವ

ಜಿಸಿ (ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಅನ್ನೋ ಲ್ಯಾಬ್ ಯಂತ್ರ) ಇಲ್ದೆ ಟಿಎಚ್‌ಎಂ ನೋಡೋಕೆ ಹೊರಟಿದ್ದಾನೆ ಅಂತ ಮೂರು ವರ್ಷ ನಕ್ಕರಲ್ಲ, ಅವರೆಲ್ಲ ಸ್ವಲ್ಪ ಓದಿ. ಟಿಎಚ್‌ಎಂ ಅಂದ್ರೆ ಟ್ರೈಹ್ಯಾಲೋಮೀಥೇನ್, ನೀರಲ್ಲಿರೋ ಕೊಳೆತ ಎಲೆಯಂಥದ್ದರ ಜೊತೆ ಕ್ಲೋರಿನ್ ಸೇರಿ ಹುಟ್ಟೋ ಕ್ಲೋರೋಫಾರ್ಮಿನಂಥ ಹಾನಿಕರ ರಾಸಾಯನಿಕಗಳು. ಸೋಮವಾರಪೇಟೆ ಕಡೆಯ ನಮ್ಮ ಪುಟ್ಟ ಊರಿಗೆ ತೋಡಿನ ನೀರೇ ಗತಿ, ಆಟಿ ಮಳೇಲಿ ಕಾಫಿ ತೋಟದ ಕೊಳೆತ ಎಲೆಯೆಲ್ಲ ತೊಳ್ಕೊಂಡು ಬಂದು ನೀರು ಕಟ್ಟಂಚಾಯದ (ಹಾಲಿಲ್ಲದ ಟೀ) ಬಣ್ಣಕ್ಕೆ ತಿರುಗುತ್ತೆ, ಆ ನೀರಿಗೇ ನೇರ ಬ್ಲೀಚಿಂಗ್ ಪೌಡರ್ ಸುರೀತಿದ್ರು.

ಮೊದಲು ಬೆಂಗಳೂರಿನ ಒಂದು ಲ್ಯಾಬಿಗೆ ಮೂರು ಬಾಟಲಿ ಕಳಿಸಿ, ಬಸ್ಸಿನ ಲಗೇಜು ಸೇರಿ ಹನ್ನೊಂದು ಸಾವಿರ ಚಿಲ್ಲರೆ ಕಳ್ಕೊಂಡೆ. ಒಂದರಲ್ಲಿ ಗಾಳಿ ಗುಳ್ಳೆ ಉಳಿದಿತ್ತು, ಟಿಎಚ್‌ಎಂ ಅದರೊಳಗೆ ಹಾರಿಬಿಡುತ್ತೆ; ಇನ್ನೊಂದಕ್ಕೆ ಉಳಿದ ಕ್ಲೋರಿನ್ ಕೊಲ್ಲೋ ಥಯೋಸಲ್ಫೇಟ್ ಹಾಕೋದೇ ಮರ್ತಿದ್ದೆ, ಕ್ಲೋರಿನ್ ದಾರಿಯುದ್ದಕ್ಕೂ ಕೆಲಸ ಮಾಡ್ಕೊಂಡೇ ಹೋಗಿ ಟಿಎಚ್‌ಎಂ ಲೀಟರಿಗೆ 300 ಮೈಕ್ರೋಗ್ರಾಂ ದಾಟ್ತು!

ಆಮೇಲೆ ಹಳೇ ಫುಜಿವಾರಾಕ್ಕೆ ಬಂದೆ, ಅಂದ್ರೆ ಪಿರಿಡಿನ್ ಮತ್ತು ಕಾಸ್ಟಿಕ್ ಸೋಡ ಜೊತೆ ಬಿಸಿ ಮಾಡಿದ್ರೆ ಕ್ಲೋರೋಫಾರ್ಮಿನಂಥವು ಗುಲಾಬಿ ಬಣ್ಣ ಕೊಡೋ ಪರೀಕ್ಷೆ, ಬಣ್ಣ ಗಾಢವಾದಷ್ಟೂ ಟಿಎಚ್‌ಎಂ ಜಾಸ್ತಿ. ಪಿರಿಡಿನ್, ಕಾಸ್ಟಿಕ್ ಸೋಡ, ವಾಟರ್ ಬಾತ್, ಸುಮಾರು 18 ಸಾವಿರಕ್ಕೆ ಸಿಕ್ಕ ಸೆಕೆಂಡ್ ಹ್ಯಾಂಡ್ ಸ್ಪೆಕ್ಟ್ರೋ (ಬಣ್ಣದ ಗಾಢತೆ ಅಳೆಯೋ ಸ್ಪೆಕ್ಟ್ರೋಫೋಟೋಮೀಟರ್). ಮೊದಲ ಮಳೆಗಾಲ ಪೂರ್ತಿ ವೇಸ್ಟು, ಯಾಕಂದ್ರೆ ಬ್ಲ್ಯಾಂಕೇ (ಟಿಎಚ್‌ಎಂ ಇಲ್ಲದ, ಹೋಲಿಕೆಗೆ ಇಡೋ ಶುದ್ಧ ನೀರು) ಗುಲಾಬಿ ಬರ್ತಿತ್ತು. ರೀಏಜೆಂಟ್ ಬದಲಾಯಿಸಿದೆ, ಗಾಜು ಬದಲಾಯಿಸಿದೆ, ಆಗ್ಲಿಲ್ಲ. ಕೊನೆಗೆ ಹೊಳೀತು, ನಲ್ಲಿ ನೀರನ್ನೇ ಡಿಸ್ಟಿಲ್ ಮಾಡ್ತಿದ್ದೆ, ಕ್ಲೋರೋಫಾರ್ಮ್ ಆವಿ ಜೊತೆಗೇ ದಾಟಿ ಬರ್ತಿತ್ತು! ಈಗ ಅಂಗಳದಲ್ಲಿ ಹಿಡಿದ ಮಳೆನೀರೇ ಕುದಿಸಿ ಬ್ಲ್ಯಾಂಕ್, ಕೊಡಗಲ್ಲಿ ಅದಕ್ಕೇನು ಬರ. ನೀರಿಂದ ಟಿಎಚ್‌ಎಂನ ಪೆಂಟೇನ್ ಅನ್ನೋ ದ್ರಾವಕಕ್ಕೆ ಎಳೆದುಕೊಳ್ಳೋಕೂ ನಮ್ಮ ಚಳಿ ಅನುಕೂಲ, ಪೆಂಟೇನ್ ಬೇಗ ಹಾರಿ ಹೋಗಲ್ಲ. ಪೆಂಟೇನಿಂದ ಪಿರಿಡಿನ್‌ಗೆ ಹೇಗೆ ದಾಟಿಸ್ತೀನಿ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ನಡುವೆ ಒಂದು ಚಟ, ಅಡುಗೆಮನೆ ನೀರಿನ ಮೇಲೆ ಪ್ರಯೋಗ. ಮುಚ್ಚಳ ತೆಗೆದು ಹತ್ತು ನಿಮಿಷ ಕುದಿಸಿದ್ರೆ ಗುಲಾಬಿ ಹೆಚ್ಚೂಕಮ್ಮಿ ಮಾಯ, ಮುಚ್ಚಿಟ್ಟು ಬರೀ ಬಿಸಿ ಮಾಡಿದ್ರೆ ಮೊದಲಿಗಿಂತ ಗಾಢ.

ಈ ಸಲ ಅದೇ ನೀರನ್ನ ಎರಡು ಪಾಲು ಮಾಡಿ ಒಂದನ್ನ ಜಿಸಿಗೆ ಕಳಿಸ್ದೆ. ನನ್ನದು 118, ಅವರದು 109ಓ 110ಓ. ಬಹುಪಾಲು ಕ್ಲೋರೋಫಾರ್ಮೇ, ಬ್ರೋಮಿನ್ ಇರೋವು ಹೆಸರಿಗಷ್ಟೇ. ನಮ್ಮ ದೇಶದ ಕುಡಿಯೋ ನೀರಿನ ಮಾನದಂಡ ಐಎಸ್ 10500 ಪ್ರಕಾರ ಕ್ಲೋರೋಫಾರ್ಮ್ ಲೀಟರಿಗೆ 0.2 ಮಿಲಿಗ್ರಾಂವರೆಗೆ (200 ಮೈಕ್ರೋಗ್ರಾಂ) ಪಾಸು, ಅಮೆರಿಕದವರು ನಾಲ್ಕು ಬಗೆಯ ಟಿಎಚ್‌ಎಂನೂ ಸೇರಿಸಿ 80 ಮೈಕ್ರೋಗ್ರಾಂಗೆ ನಿಲ್ಲಿಸ್ತಾರೆ, ನಾನು 80ನ್ನೇ ನೋಡೋನು.

ಗುಲಾಬಿ ಟ್ಯೂಬುಗಳನ್ನ ಸಾಲಾಗಿ ಇಟ್ಟು ತೋರಿಸಿದ ಮೇಲೇ ಪಂಪ್ ಹೌಸಿನವ್ರು "ಆಯ್ತು ಸಾರ್, ನೋಡೋಣ" ಅಂದಿದ್ದು. ಪಟಿಕ ಹಾಕಿ ತಿಳಿಯಾದ್ಮೇಲೆ ಬ್ಲೀಚಿಂಗ್, ಅಷ್ಟೇ ಬದಲಾವಣೆ. ಲೈನಿನ ಕೊನೇ ಮನೇಲಿ 140ರ ಹತ್ರ ಇದ್ದಿದ್ದು 70ರ ಆಸುಪಾಸಿಗೆ ಬಂತು, ರೆಸಿಡ್ಯುಯಲ್ ಕ್ಲೋರಿನ್ (ನೀರಲ್ಲಿ ಉಳಿಯೋ ಕ್ಲೋರಿನ್) ಅಲ್ಲೂ ಲೀಟರಿಗೆ 0.2 ಮಿಲಿಗ್ರಾಂಗಿಂತ ಇಳಿದಿಲ್ಲ, ಪೌಡರ್ ಖರ್ಚೂ ಕಮ್ಮಿ. ಪಿರಿಡಿನ್ ಬಾಟಲಿ ಮಾತ್ರ ಇನ್ನೂ ಸೌದೆ ಕೊಟ್ಟಿಗೇಲೇ, ಆ ನಾತಕ್ಕೆ ಹೆಂಡ್ತಿ ಒಳಗೆ ಬಿಡಲ್ಲ.